ಕೊನೆಯ ಪುಟದ ತೋಳ

ವಡಾಲ, ಮುಂಬಯಿ
೯ ಜುಲೈ ೧೯೫೬

ಪ್ರೀತಿಯ ವಿಮಲಾ,

ನಿನ್ನ ಎರಡು ಕಾಗದಗಳೂ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಮಳೆಗೆ ಗೋಡೆಯೆಲ್ಲ ಬೆವರುತ್ತಿದೆ. ನನ್ನ ಡ್ರಾಯಿಂಗ್ ಕಾಗದಗಳನ್ನು ಅತ್ತಿಗೆಯ ಅಕ್ಕಿ ಡಬ್ಬದ ಮೇಲಿಟ್ಟು ಕಾಪಾಡುತ್ತಿದ್ದೇನೆ. ಶಾಲೆಯಲ್ಲಿ ಈ ವರ್ಷ ಐದನೆಯ ತರಗತಿಯ ಡ್ರಾಯಿಂಗೂ ನನ್ನ ಪಾಲಿಗೇ ಬಿದ್ದಿದೆ. ನಿಮ್ಮ ಯಜಮಾನರು ತಿರುಮಲೇಶರಾಯರ ಕೆಮ್ಮು ವಾಸಿಯಾಯಿತೆ?

ನಮ್ಮ ಪುಸ್ತಕ ಅಚ್ಚಾಗಿ ಬಂತು ಎಂದು ನೀನು ಬರೆದಿದ್ದೆ. ನನಗೇಕೆ ಒಂದು ಪ್ರತಿ ಕಳುಹಿಸಲಿಲ್ಲ ಎಂದು ಆಗ ಹೊಳೆಯಲಿಲ್ಲ. ರಮಾನಾಥಣ್ಣನೇ ಮಾಟುಂಗದ ಅಂಗಡಿಯಿಂದ ತಂದ. "ಚಿತ್ರ ಬರೆದದ್ದು ನಮ್ಮ ಶೀಲ" ಎಂದು ತನ್ನ ಹೋಟೆಲಿನ ಗಿರಾಕಿಗಳಿಗೆಲ್ಲ ತೋರಿಸಿ, ಆಮೇಲೆ ಮಗಳು ಸೇವಂತಿಗೆ ಕೊಟ್ಟ.

ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಗಟ್ಟಿಯಾಗಿ ಓದತೊಡಗಿದಳು. ನಾನು ತೆಂಗಿನಕಾಯಿ ತುರಿಯುತ್ತ ಕೇಳುತ್ತಿದ್ದೆ. ಅಜ್ಜಿಗೆ ತಿಂಡಿ ಒಯ್ಯುವ ಹುಡುಗಿ, ದಾರಿಯಲ್ಲಿ ಸವಿಮಾತಾಡಿ ಮನೆಯ ಗುರುತು ಕೇಳಿಕೊಳ್ಳುವ ತೋಳ, ಎಲ್ಲ ನಾವು ಕೂಡಿ ಮಾಡಿದ ಹಾಗೆಯೇ ಇತ್ತು. ತೋಳ ಇಬ್ಬರನ್ನೂ ನುಂಗಿತು. ಸೇವಂತಿ ಪುಟ ತಿರುವಿ ತಲೆಯೆತ್ತಿ ನನ್ನತ್ತ ನೋಡಿದಳು.

"ಅತ್ತೆ, ಇವಳನ್ನು ಯಾರೂ ಹೊರಗೆ ತೆಗೆಯುವುದಿಲ್ವಾ?"

"ತೆಗೀತಾರೆ, ಮುಂದೆ ಓದು."

"ಮುಂದೆ ಏನೂ ಇಲ್ಲ."

ಕೈ ಒರೆಸಿಕೊಂಡು ಹೋಗಿ ನೋಡಿದೆ. ಕೊನೆಯ ಪುಟದಲ್ಲಿ ತೋಳ ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ಅದು ನಾನು ಬರೆದ ಚಿತ್ರವಲ್ಲ. ಕೆಳಗೆ ಒಂದು ಸಾಲು: "ದಾರಿಹೋಕನ ಮಾತು ನಂಬಿದ ಹುಡುಗಿಗೆ ಆಗಬೇಕಾದದ್ದೇ ಆಯಿತು."

ಪರದೇಶದ ಚಿತ್ರಪುಸ್ತಕಗಳನ್ನು ಹರಡಿಕೊಂಡು ನಾವಿಬ್ಬರೂ ಕುಳಿತಿದ್ದೆವಲ್ಲ, ಎಲ್ಲದರಲ್ಲೂ ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳುವುದೇ. ನೀನೇ ಅಂದೆ, "ಗಂಡಸೇ ಯಾಕೆ ಬರ್ಬೇಕು ಶೀಲಾ? ಪಕ್ಕದ್ಮನೆಯೋಳು ಈಳಿಗೆಮಣೆ ಹಿಡ್ಕೊಂಡು ಓಡಿ ಬರ್ಲಿ." ಆ ಹೆಂಗಸಿಗೆ ನಾನು ನಿನ್ನ ಮುಖವನ್ನೇ ಬರೆದೆ. ಆ ಗುಂಗುರು ಕೂದಲು, ಆ ಅಗಲ ಕುಂಕುಮ. "ನನ್ನ ಮೂಗು ಇಷ್ಟು ದಪ್ಪವೇನೇ?" ಎಂದು ನೀನು ನಗುನಗುತ್ತಲೇ ಕಣ್ಣೊರೆಸಿಕೊಂಡಿದ್ದೆ.

ತಪ್ಪೆಲ್ಲ ಪ್ರೆಸ್ಸಿನವರದು ಎಂದುಕೊಂಡೆ, ಮಾರಾಯ್ತಿ. ಶನಿವಾರ ಶಾಲೆ ಬಿಟ್ಟೊಡನೆ ಕಾಶಪ್ಪನವರ ಪ್ರೆಸ್ಸಿಗೆ ಹೋಗಿ ಜಗಳಕ್ಕೇ ನಿಂತೆ. ವಿಮಲಾ ಇದನ್ನು ನೋಡಿದರೆ ಎಷ್ಟು ನೊಂದುಕೊಳ್ಳುತ್ತಾಳೆ ಗೊತ್ತೇ ಎಂದು ಕೇಳಿದೆ. ಅವರು ಕುರ್ಚಿ ಕೊಟ್ಟು, ಚಹಾ ತರಿಸಿ, ಸಮಾಧಾನದಿಂದ ಹೇಳಿದರು: "ಬಾಯಾರ, ನಾ ಒಂದಕ್ಷರ ಮುಟ್ಟಿಲ್ರಿ. ವಿಮಲಾಬಾಯಾರು ತಾವಾಗೇ ಬಂದು ಬದಲಿ ಮಾಡಿಸಿದ್ರು. ಶೀಲಾವತಿದೂ ಒಪ್ಪಿಗಿ ಅದ, ಬ್ಯಾರೆ ಯಾರ ಕಡಿಂದರೆ ಚಿತ್ರಾ ತಗಸ್ರಿ ಅಂದ್ರು."

ಮೇ ತಿಂಗಳಲ್ಲಿ ನೀನು ನಮ್ಮಲ್ಲಿಗೆ ಬಂದಿದ್ದೆ. ಊಟ ಮಾಡಿದೆ, ಅತ್ತಿಗೆ ಕೊಟ್ಟ ಉಪ್ಪಿನಕಾಯಿ ಕಟ್ಟಿಸಿಕೊಂಡೆ. ಕೊನೆಯ ಪುಟ ಅಷ್ಟರಲ್ಲಿ ಬದಲಾಗಿತ್ತು. "ಅಚ್ಚು ಚೆನ್ನಾಗಿ ಬರ್ತಿದೆ ಕಣೇ" ಎಂದು ನನ್ನ ಕೈ ಹಿಡಿದು ಹೇಳಿದೆ.

ನಿನ್ನೆ ಮುಲುಂಡಿಗೆ ಬರಲೆಂದೇ ಹೊರಟು ದಾದರಿನ ತನಕ ಬಂದಿದ್ದೆ. ಲೋಕಲ್ ಬಂತು, ಹೆಂಗಸರ ಡಬ್ಬಿ ನನ್ನೆದುರಿಗೇ ನಿಂತಿತು. ಹತ್ತಲಿಲ್ಲ. ನೀನು ಬಾಗಿಲು ತೆರೆದು ನಕ್ಕರೆ ನಾನೂ ನಕ್ಕುಬಿಟ್ಟೇನು ಎಂದು ಹೆದರಿಕೆಯಾಯಿತು. ಅದಕ್ಕೇ ಈ ಕಾಗದ.

ಇನ್ನೊಂದು ಮುದ್ರಣವಾದರೆ ನನ್ನ ಹೆಸರು ತೆಗೆಯಿರಿ ಎಂದು ಕಾಶಪ್ಪನವರಿಗೆ ಹೇಳಿದ್ದೇನೆ. ಮುಂದಿನ ಪುಸ್ತಕಕ್ಕೆ ನೀನು ಬೇರೆಯವರನ್ನು ನೋಡಿಕೋ. ಸೇವಂತಿ ಆ ಪುಸ್ತಕವನ್ನು ಮತ್ತೆ ಮುಟ್ಟಿರಲಿಲ್ಲ. ಅವಳಿಗಾಗಿ ಹಳೆಯ ಚಿತ್ರವನ್ನು ಹೊಸದಾಗಿ ಬರೆದು ಅಂಟಿಸಿಕೊಟ್ಟೆ. ಹುಡುಗಿ ಹೊರಗೆ ಬಂದಿದ್ದಾಳೆ, ಅಜ್ಜಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾಳೆ. ಈಳಿಗೆಮಣೆ ಹಿಡಿದವಳನ್ನು ಮಾತ್ರ ಬೆನ್ನು ತಿರುಗಿಸಿ ನಿಲ್ಲಿಸಿದೆ. ಮುಖ ಬರೆಯಲು ಕೈ ಬರಲಿಲ್ಲ.

ಶ್ರಾವಣದಲ್ಲಿ ಮಗಳಿಗೆ ಅಕ್ಷರಾಭ್ಯಾಸ ಎಂದು ಬರೆದಿದ್ದೀ. ನಾನು ಬರುವುದಿಲ್ಲ. ಕೂಸಿಗೆ ವಿದ್ಯೆ ಒಲಿಯಲಿ, ಮೈತುಂಬ ಆರೋಗ್ಯವಿರಲಿ. ಅವಳು ಕಷ್ಟಕ್ಕೆ ಸಿಕ್ಕಿದ ದಿನ ಅವಳ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರು ಒಬ್ಬರು ಸಿಗಲಿ ಎಂದು ಮನಸಾರೆ ಹರಸುತ್ತೇನೆ.

ಇಂತಿ,
ಶೀಲಾವತಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಬದಲಿಸಿದ್ದು ಏಕಂತೆ ಎಂದು ಕಾಶಪ್ಪನವರನ್ನು ಕೇಳಿದೆ. "ಹುಡಿಗ್ಯಾರಿಗೆ ಬುದ್ಧಿ ಬರಬೇಕಲ್ರಿ. ಅವರ ಗುರ್ತಿನಾಕಿ ಒಬ್ಬಾಕಿ, ಲಗ್ನ ಆಗ್ತೀನಿ ಅಂದಾವನ್ನ ನಂಬಿ ಪುಣೆಕ್ಕ ಹೋಗಿದ್ಲಂತ. ಟಿಕೀಟು ತರ್ತೀನಿ ಅಂತ ಹ್ವಾದಾವ ಬರಲೇ ಇಲ್ಲಂತ. ಸ್ಟೇಷನ್‌ದಾಗ ಅಳಕೋತ ಕುಂತಿದ್ಲಂತ" ಎಂದು ಹೇಳಿ ನಕ್ಕರು. ಅದು ನಾನೆಂದು ಅವರಿಗೆ ಗೊತ್ತಿರಲಿಲ್ಲ. ವಿಮಲಾ, ನನ್ನ ತಂತಿ ಸಿಕ್ಕ ಕೂಡಲೇ ಅಲ್ಲಿಗೆ ಓಡಿಬಂದು, ಹೆಂಗಸರ ವೇಟಿಂಗ್ ರೂಮಿನಲ್ಲಿ ನನ್ನ ತಲೆ ಬಾಚಿ, "ಮೋಸ ಮಾಡಿದೋನು ಅವನು, ನೀನಲ್ಲ" ಎಂದವಳು ನೀನು. ಇಷ್ಟು ವರ್ಷ ಆ ಒಂದು ಮಾತನ್ನೇ ಹಿಡಿದುಕೊಂಡು ನಡೆದೆ. ಅಣ್ಣನಿಗೂ ತಿಳಿಯದ್ದು ಈಗ ಪ್ರೆಸ್ಸಿನಲ್ಲಿ ನಗೆಯ ಮಾತು. ನನ್ನ ತಲೆ ಬಾಚುವಾಗಲೂ ನಿನ್ನ ಮನಸ್ಸಿನಲ್ಲಿ ಇದ್ದದ್ದು ಆ ಕೊನೆಯ ಸಾಲೇ ಏನು?

"ಮುಂದ ಆಕಿ ಏನಾದ್ಲೋ ಏನೋ" ಎಂದರು ಕಾಶಪ್ಪನವರು.

"ಬದುಕಿದ್ದಾಳೆ" ಎಂದೆ.

ಅವರ ನಗು ಅಲ್ಲಿಗೇ ನಿಂತಿತು.