ಬ್ರಷ್ ಸೋಲೋ

೧೪ ನವೆಂಬರ್ ೨೦೧೫, ಶನಿವಾರ. ವಿದನ್‌ಶಾ

ಅಶೋಕನ ಮುಖ ಕಣ್ಣಿಂದ ಹೋಗುತ್ತಿಲ್ಲ. ಹೋಗಲಿ ಎಂದು ನನಗೂ ಅನಿಸುತ್ತಿಲ್ಲ.

ಊಟಕ್ಕೆ ಬಂದಿದ್ದ ಗೆಳೆಯರಲ್ಲಿ ಹರಿಪ್ರಿಯಾ, ಡ್ರಮ್ಸ್ ಚೆನ್ನಾಗಿರುವ ಜಾಝ್ ಆಲ್ಬಮ್ ಯಾವುದೆಂದು ಕೇಳಿದ್ದೇ ತಪ್ಪಾಯಿತು. ನನ್ನ ಗಂಡ ಅಶೋಕ ಎರಡು ರೆಕಾರ್ಡ್ ಹಾಕಿ ಎಲ್ಲರಿಗೂ ಪಾಠ ಮಾಡಿದ. ಆಮೇಲೆ ಫೋನ್ ತೆಗೆದು, "ಇದನ್ನೂ ಕೇಳಿ, ಅಪರೂಪದ್ದು" ಅಂದ. ಗ್ಯಾರೇಜಿನಲ್ಲಿ ನಾನು ಡ್ರಮ್ಸ್ ಕಲಿಯುವುದನ್ನು ಕದ್ದು ರೆಕಾರ್ಡ್ ಮಾಡಿಕೊಂಡಿದ್ದ.

"ಯಾರ್ರೀ ಇದು, ಪಾತ್ರೆ ಬೀಳಿಸ್ತಿರೋದು?" ಎಂದಳು ಹರಿಪ್ರಿಯಾ. ಅವನು ನನ್ನತ್ತ ಬೆರಳು ತೋರಿಸಿದ. ಎಲ್ಲರೂ ನಕ್ಕರು.

"ಈಗ ನಿಜವಾದ ಡ್ರಮ್ಮರ್‌ನ ಕೇಳಿ," ಎಂದು ಇನ್ನೊಂದು ರೆಕಾರ್ಡ್ ಹಾಕಿ ಕಣ್ಣು ಮುಚ್ಚಿ ಕೂತ. ಉಳಿದ ವಾದ್ಯಗಳೆಲ್ಲ ನಿಂತು, ಡ್ರಮ್ ಮೇಲೆ ಕೋಲಿನ ಬದಲು ಬರೀ ತಂತಿಯ ಬ್ರಷ್ ಆಡುವ ಭಾಗ ಬಂತು. ಅಷ್ಟು ಸಣ್ಣ ಸದ್ದು ಅವನಿಗೆ ಈಗ ಕೇಳಿಸುವುದಿಲ್ಲ. ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದ ದಿನ ನನ್ನೆದುರು ಅತ್ತು, ಯಾರಿಗೂ ಹೇಳಬೇಡ ಅಂದಿದ್ದ.

ನಾನು ಹೇಳಲಿಲ್ಲ. ಎದ್ದು ಹೋಗಿ ರೆಕಾರ್ಡಿನ ಮುಳ್ಳನ್ನು ಮೇಲೆತ್ತಿದೆ.

ಕೋಣೆ ಪೂರ್ತಿ ನಿಶ್ಶಬ್ದ. "ಆಹಾ, ರೇಷ್ಮೆ ಸವರಿದ ಹಾಗಿದೆ ಅಲ್ವಾ?" ಎಂದು ತಲೆ ತೂಗಿದ.

"ಅಶೋಕ್, ರೆಕಾರ್ಡ್ ನಿಂತಿದೆ ಕಣ್ರೀ," ಎಂದಳು ಹರಿಪ್ರಿಯಾ, ಮೆಲ್ಲಗೆ. ಅದೂ ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು.

ಕಣ್ಣು ತೆರೆದು ನನ್ನ ಕೈ ನೋಡಿದ. ಈ ಸಲ ನಾನೊಬ್ಬಳೇ ನಕ್ಕೆ.

ಈಗ ಕೆಳಗೆ ಅದೇ ರೆಕಾರ್ಡ್ ಹಾಕಿಕೊಂಡು ವಾಲ್ಯೂಮ್ ಏರಿಸುತ್ತಲೇ ಇದ್ದಾನೆ. ನಾನು ಇಳಿದುಹೋಗಿ ಪಕ್ಕದಲ್ಲಿ ಕೂತರೆ ನಿಲ್ಲಿಸುತ್ತಾನೆ. ಹೋಗುವುದಿಲ್ಲ. ಆ ಸದ್ದನ್ನು ಇನ್ನೂ ಸ್ವಲ್ಪ ಹೊತ್ತು ಹುಡುಕಲಿ, ಆಮೇಲೆ ಬೇಕಾದರೆ ಇಳಿದುಹೋಗುತ್ತೇನೆ.