ಸಾಕು ಎಂದವರಿಗೆ ಇನ್ನೊಂದು ಸೌಟು

ಇಂದಿರಾನಗರ, ಬೆಂಗಳೂರು
೨೧೯೧ನೇ ಇಸವಿ, ಫೆಬ್ರವರಿ ಮೂವತ್ತು

ದೊಡ್ಡ ತಟ್ಟೆಯಲ್ಲಿ ಚಿಕ್ಕ ಊಟ ಮಾಡುತ್ತಿರುವ ನನ್ನ ಹಿರಿಯರಿಗೆ,

ದಿನಾಂಕ ನೋಡಿ ನಗಬೇಡಿ. ನಮ್ಮ ಅಜ್ಜಿಯ ಕಾಲದಲ್ಲೇ ಕ್ಯಾಲೆಂಡರ್ ತಿದ್ದಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟರು. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ. ನಾಳೆ ನನ್ನ ಹೋಟೆಲಿಗೆ ಬೀಗ ಬೀಳುತ್ತಿರುವುದೂ ಅದೇ ಕಾರಣಕ್ಕೆ.

ನೀವು ವಾರಗಟ್ಟಲೆ ಮೊದಲೇ ಮೇಜು ಕಾದಿರಿಸಿ, ಸೆಂಟು ಹಾಕಿಕೊಂಡು ಹೋಗುವ ಆ ಬೀದಿ ಇನ್ನೂ ಇದೆ. ಗುಲಾಬಿ ಬಣ್ಣದ ಹೂವಿನ ಮರಗಳೂ ಇವೆ. ಮೆಟ್ರೊ ಕಂಬಗಳ ಮೇಲೆ ಈಗ ರೈಲಿಲ್ಲ, ಬಸಳೆ ಹಬ್ಬಿಸಿದ್ದೇವೆ. ಬೀದಿಯ ಉದ್ದಕ್ಕೂ ಇರುವುದು ಮಿತಿಮನೆಗಳು, ಅಂದರೆ ನಿಮ್ಮ ದುಬಾರಿ ರೆಸ್ಟೋರೆಂಟುಗಳ ಮರಿಮಕ್ಕಳು. ಬಾಗಿಲಲ್ಲಿ ಗಾಜಿನ ಮೇಲೆ ಅಂಗೈ ಇಟ್ಟರೆ ‘ಒಡಲೆಣಿಕೆ’ ಎಂಬ ಯಂತ್ರ ನಿಮ್ಮ ಮೈಗೆ ಇವತ್ತು ಎಷ್ಟು ಬೇಕೆಂದು ಲೆಕ್ಕ ಹಾಕುತ್ತದೆ. ಮೇಜಿಗೆ ಬರುವುದು ಅಷ್ಟೇ. ಗಾಡಿಯ ಚಕ್ರದಷ್ಟು ತಟ್ಟೆ, ನಡುವೆ ಒಂದು ಉಂಡೆ, ಅದರ ಮೇಲೊಂದು ಎಲೆ. ಬಡಿಸುವವರಿಲ್ಲ, ಕೇಳುವವರಿಲ್ಲ. ಜನ ಒಳ್ಳೆಯ ಬಟ್ಟೆ ತೊಟ್ಟು ಬಂದು, ಉಂಡೆಗೆ ತಲೆದೂಗಿ, ಹೊಟ್ಟೆ ತುಂಬಿತೋ ಇಲ್ಲವೋ ಎಂದು ಮಣಿಕಟ್ಟಿನ ಯಂತ್ರವನ್ನು ಕೇಳಿಕೊಂಡು ಮನೆಗೆ ಹೋಗುತ್ತಾರೆ. ಇದೆಲ್ಲ ಶುರುವಾದದ್ದು ನಿಮ್ಮಿಂದ. ನೀವು ತೆಗೆದಿಟ್ಟ ಊಟದ ಫೋಟೋಗಳನ್ನು ನೋಡಿ ನಮ್ಮ ಇತಿಹಾಸದ ಮೇಷ್ಟ್ರುಗಳು ಆ ವರ್ಷಗಳಲ್ಲಿ ಇಂದಿರಾನಗರಕ್ಕೆ ಭಾರಿ ಬರ ಬಡಿದಿತ್ತೆಂದು ಪಾಠ ಬರೆದಿದ್ದಾರೆ. ಶಾಲೆಯಲ್ಲಿ ಅದನ್ನು ಓದಿ ನಿಮಗಾಗಿ ಅತ್ತವಳು ನಾನು. ಬರವಲ್ಲ, ಫ್ಯಾಷನ್ ಎಂದು ಗೊತ್ತಾದ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಹೆಸರು ದೇವಕಿ ಶೇರಿಗಾರ್. ಈ ಬೀದಿಯಲ್ಲಿ ಮನುಷ್ಯರು ಕೈಯಾರೆ ಬಡಿಸುವ ಹೋಟೆಲು ನನ್ನದೊಂದೇ. ಅದರ ಹೆಸರು ‘ಇನ್ನೊಂಚೂರು’. ಎಲೆ ಹಾಕುತ್ತೇವೆ, ಸಾಲಾಗಿ ಕೂರಿಸುತ್ತೇವೆ, ಸೌಟು ಹಿಡಿದು ಮತ್ತೆ ಮತ್ತೆ ಬರುತ್ತೇವೆ. ಮಿತಿಮನೆಗಳ ಯಜಮಾನರೇ ಹಿಂಬಾಗಿಲಿನಿಂದ ನುಸುಳಿ ಬಂದು ಉಂಡು ಹೋಗುವುದುಂಟು, ಹೆಸರು ಹೇಳುವುದಿಲ್ಲ. ಉಣ್ಣುವವರು ಸಂಕೋಚಕ್ಕೆ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಕೈ ನೋಡಬೇಡ, ಬೆರಳು ನೋಡು ಎಂದು ಅಜ್ಜಿ ಕಲಿಸಿದ್ದಳು. ಬೆರಳುಗಳು ಕೂಡಿದ್ದರೆ ನಿಜಕ್ಕೂ ಸಾಕಾಗಿದೆ, ಮುಂದೆ ಹೋಗಬೇಕು. ನಡುವೆ ಸಂದಿದ್ದರೆ ಇನ್ನೊಂದು ಸೌಟು. ಈಗ ‘ಸಾಕು ಕಾನೂನು’ ಬಂದಿದೆ. ಕೈ ಅಡ್ಡ ಬಂದ ಮೇಲೆ ಬಡಿಸಿದರೆ ಅದು ಹಲ್ಲೆ. ಬೆರಳಿನ ವಿಷಯ ಕಾನೂನಿಗೆ ಗೊತ್ತಿಲ್ಲ.

ಹೋದ ವಾರ, ಈ ಕಾನೂನು ಕಾಯುವ ಮಿತಿ ಮಂಡಳಿಯ ಅಧಿಕಾರಿ ಮುನಿವೆಂಕಟ ತನಿಖೆಗೆಂದು ಊಟಕ್ಕೆ ಬಂದ. ಬಿಗಿದ ಮುಖ, ಮಣಿಕಟ್ಟಿನಲ್ಲಿ ಯಂತ್ರ. ಮುದ್ದೆ, ಬಸ್ಸಾರು ಬಡಿಸಿದೆ. ಮೊದಲ ತುತ್ತಿಗೇ ಆಸಾಮಿ ಮೆತ್ತಗಾದ. ಎರಡನೇ ಸಲ ಸೌಟು ತಂದಾಗ ಕೈ ಅಡ್ಡ ಹಿಡಿದು, “ಸಾಕು ಕಣಮ್ಮ, ಸಾಕು ಅಂದ್ರೆ ಸಾಕು” ಎಂದ. ಬೆರಳುಗಳ ನಡುವೆ ಆನೆ ಹೋಗುವಷ್ಟು ಜಾಗ! ಬಡಿಸಿಯೇಬಿಟ್ಟೆ. ‘ಹಲ್ಲೆ, ಹಲ್ಲೆ’ ಎಂದು ಯಂತ್ರ ಕಿರುಚಿಕೊಂಡಿತು, ಸಾಲಿನವರೆಲ್ಲ ತುತ್ತು ಕೈಯಲ್ಲಿ ಹಿಡಿದು ಕೂತರು. ಅವನು ಮಾತ್ರ ಯಂತ್ರ ಕಟ್ಟಿದ ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಬಡಿಸಿದ್ದಷ್ಟನ್ನೂ ಉಂಡ.

ಕೈ ತೊಳೆದು ಬಂದವನು ಮೆಲ್ಲಗೆ, “ಕೈ ಜಾರಿ ಬಿತ್ತು ಅಂತ ಹೇಳಮ್ಮ, ಬಿಟ್ಬಿಡ್ತೀನಿ. ನಂಗೂ ಮೇಲಿನೋರು ಇದಾರೆ” ಎಂದ. ಒಂದು ಸುಳ್ಳು ಹೇಳಿದ್ದರೆ ಹೋಟೆಲು ಉಳಿಯುತ್ತಿತ್ತು.

“ಜಾರಿಲ್ಲಪ್ಪ, ಬೇಕೂಂತಲೇ ಹಾಕ್ದೆ. ನಿಂಗೆ ಹಸಿವಿತ್ತು” ಎಂದೆ. ಅವನು ತಲೆ ತಗ್ಗಿಸಿ ಬೀಗದ ಆಜ್ಞೆ ಬರೆದ.

ಹೊಟ್ಟೆ ಉರಿಯುತ್ತದೆ, ಅಜ್ಜಿ ಕಟ್ಟಿದ ಹೋಟೆಲು ಇದು. ಆದರೆ ಹೆದರಿಕೆಯಿಲ್ಲ. ಬೀಗ ಹಾಕಿದರೆ ಜಗಲಿಯ ಮೇಲೆ ಎಲೆ ಹಾಕುತ್ತೇನೆ, ಜಗಲಿ ಕಿತ್ತರೆ ಹೂವಿನ ಮರದ ಕೆಳಗೆ. ಬಡಿಸುವುದನ್ನು ಮಾತ್ರ ಬಿಡುವುದಿಲ್ಲ. ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಈ ಬೀದಿಯಲ್ಲಿ ಆ ದೊಡ್ಡ ತಟ್ಟೆ ಎದುರಿಗೆ ಬಂದಾಗ, ನಾಚಿಕೆ ಬಿಟ್ಟು ಇನ್ನೊಂಚೂರು ಕೇಳಿ. ಇಲ್ಲ ಎಂದರೆ ಮತ್ತೆ ಕೇಳಿ. ಪಕ್ಕದ ಮೇಜಿನವರು ನೋಡಿದರೆ ನೋಡಲಿ. ನೀವು ಕೇಳುವುದನ್ನು ಬಿಟ್ಟದ್ದರಿಂದಲೇ ನಾವು ಬಡಿಸುವುದು ಅಪರಾಧವಾಯಿತು.

ಇನ್ನು ಹೊರಡುತ್ತೇನೆ, ಸೊಪ್ಪು ಬಿಡಿಸಬೇಕು. ಬೀಗ ಹಾಕಲು ಮಂಡಳಿಯವರು ಯಾವಾಗಲೂ ಬರುವುದು ಬೆಳಿಗ್ಗೆ. ಮುನಿವೆಂಕಟ ಮಾತ್ರ ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ಬರುತ್ತೇನೆಂದು ಹೇಳಿಕಳಿಸಿದ್ದಾನೆ. ಮಣಿಕಟ್ಟಿನ ಯಂತ್ರ ರಿಪೇರಿಗೆ ಹೋಗಿದೆಯಂತೆ.

ಬಸ್ಸಾರು ಮಾಡಿಡುತ್ತೇನೆ.

ಇಂತಿ,
ದೇವಕಿ ಶೇರಿಗಾರ್
‘ಇನ್ನೊಂಚೂರು’