ಲಾನ್ಚಿಯಾನಿನಿಂದ ನಿನಗೆ ಬಿದ್ದ ಒಂದು ಓಟು

ಪ್ರೀತಿಯ ಜುಚಾನೊ,

ನಮ್ಮೂರಿನ ಪೆಟ್ಟಿಗೆಯಿಂದ ನಿನ್ನ ಹೆಸರಿಗೆ ಬಂದ ಆ ಒಂದೇ ಒಂದು ಓಟು ನನ್ನದು. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಬಾಗಿಲ ಕಡೆ ನೋಡಿದೆ. ಇನ್ನು ಮುಚ್ಚಿಡುವುದೇನೂ ಉಳಿದಿಲ್ಲ, ಆದರೂ ಹೆದರಿಕೆ ಅಭ್ಯಾಸವಾಗಿಬಿಟ್ಟಿದೆ. ಸುಮೋ ಡ್ರೈವರ್ ಸಂಜೆ ಹೊಳೆಯಾಚೆ ನಿಮ್ಮೂರಿಗೆ ಬರುತ್ತಾನೆ. ಅವನು ಹೊರಡುವುದರೊಳಗೆ ಎಲ್ಲ ಹೇಳಿ ಮುಗಿಸಬೇಕು.

ನಮ್ಮ ಈ ಕ್ಷೇತ್ರದ ಕತೆ ನಿನಗೆ ಗೊತ್ತಿಲ್ಲದ್ದಲ್ಲ. ಮೊದಲ ಚುನಾವಣೆಗೆ ಮುಂಚೆ ನಿಮ್ಮಜ್ಜ, ನಮ್ಮಜ್ಜ ಒಂದೇ ಮಿಥುನ್ ಕಾಡೆತ್ತನ್ನು ಕಡಿದು ಉಂಡು, ಒಂದು ಸಲ ನಿಮ್ಮೂರಿನವನು, ಒಂದು ಸಲ ನಮ್ಮೂರಿನವನು ಎಂದು ಮಾತಾಡಿಕೊಂಡಿದ್ದರಂತೆ. ಮೊದಲ ಸರದಿ ನಮ್ಮದಾಯಿತು. ಎರಡನೆಯ ಸರದಿ ಬಂದಾಗ ನಮ್ಮವರು ಕೊಡಲಿಲ್ಲ. ಅಲ್ಲಿಂದ ಶುರುವಾದದ್ದು ಈ ಪದ್ಧತಿ: ಊರ ಕೌನ್ಸಿಲು ಒಬ್ಬನ ಹೆಸರು ಸಾರುತ್ತದೆ, ಪ್ರತಿ ಮನೆಯ ಯಜಮಾನ ಮನೆಮಂದಿಯ ಓಟಿನ ಚೀಟಿಗಳನ್ನೆಲ್ಲ ಒಯ್ದು ಅವನಿಗೇ ಒತ್ತಿ ಬರುತ್ತಾನೆ. ನಾಡೆಲ್ಲ ಚುನಾವಣೆಗೆ ಬಹಿಷ್ಕಾರ ಹಾಕಿದ ವರ್ಷವಂತೂ ಎದುರು ಯಾರೂ ನಿಲ್ಲದೆ ನಮ್ಮವನು ಒಲೆ ಮುಂದೆ ಕೂತಲ್ಲೇ ಎಮ್ಮೆಲ್ಲೆ ಆದ. ಇಷ್ಟು ವರ್ಷಗಳಲ್ಲಿ ನನ್ನ ಬೆರಳಿಗೆ ಶಾಯಿ ಹತ್ತಿದ್ದೇ ಇಲ್ಲ.

ನಮ್ಮೂರಿನ ಎಜಾಮೊನ ಕತೆ ಮಾತ್ರ ನಿನಗೆ ತಿಳಿಯದೆ ಇರಬಹುದು. ನಾವಿಬ್ಬರೂ ಮಿಷನ್ ಹಾಸ್ಟೆಲಿನಲ್ಲಿದ್ದಾಗ ಒಂದು ಸಲ ನಮ್ಮವನು ಸೋತಿದ್ದ. ಎಜಾಮೊ ಓಟು ಮಾರಿಕೊಂಡನೆಂದು ಗುಮಾನಿ. ಅವನು ಊರಬಾಗಿಲಿನ ಕಲ್ಲಿನ ಮುಂದೆ ಮಣ್ಣು ಕಚ್ಚಿ, ನನ್ನ ಮನೆಯಿಂದ ಒಂದೂ ಓಟು ಹೊರಗೆ ಹೋಗಿಲ್ಲ ಎಂದು ಆಣೆ ಇಟ್ಟ. ಹೊಸ ಅಕ್ಕಿ ಬರುವುದರೊಳಗೆ ಅವನ ಇಬ್ಬರು ಗಂಡುಮಕ್ಕಳು ದೊಯಾಂಗ್ ಹೊಳೆಯಲ್ಲಿ ಕೊಚ್ಚಿಹೋದರು. ಸುಳ್ಳು ಆಣೆಯ ಫಲ ಎಂದಿತು ಊರು. ಹೊಳೆ ತುಂಬಿತ್ತು, ಅಷ್ಟೇ ಎನ್ನುತ್ತಾರೆ ಪಾದ್ರಿಗಳು. ಭಾನುವಾರ ನಾನೂ ಹಾಗೇ ಅನ್ನುತ್ತೇನೆ. ಉಳಿದ ದಿನಗಳಲ್ಲಿ ಆ ಕಲ್ಲಿನ ಮುಂದೆ ಹಾಯುವಾಗ ಮೊಮ್ಮಗುವನ್ನು ಇನ್ನೊಂದು ಮಗ್ಗುಲಿಗೆ ಎತ್ತಿಕೊಳ್ಳುತ್ತೇನೆ.

ನೀನು ಪ್ರಚಾರಕ್ಕೆ ಬಂದ ದಿನ ನಿನ್ನ ಜೀಪನ್ನು ಅದೇ ಬಾಗಿಲಲ್ಲಿ ತಡೆದರು. ಈ ಕ್ಷೇತ್ರ ಹುಟ್ಟಿದಾಗಿನಿಂದ ಹೆಣ್ಣೊಬ್ಬಳು ನಿಂತದ್ದು ಇದೇ ಮೊದಲು.

"ಅಡುಗೆಮನೆ ಯಾರ್ ಕೈಗೆ ಕೊಟ್ಟು ಬಂದೆ ಅಕ್ಕಾ?" ಎಂದು ಒಬ್ಬ ಕೂಗಿದ. "ನಿಮ್ಮಮ್ಮನ ಕೈಗೆ. ಹೊಟ್ಟೆ ಹಸಿದ್ರೆ ಬಾ, ಬಡಿಸ್ತಾಳೆ" ಅಂದೆ ನೀನು. ಅವನ ಪಕ್ಕದವರೇ ನಕ್ಕರು. ನಾನು ಹೆಂಗಸರ ಹಿಂದೆ ಸೌದೆ ಬುಟ್ಟಿ ಹೊತ್ತು ನಿಂತಿದ್ದೆ. ನೀನು ನೋಡಿದೆ, ಗುರುತು ಹಿಡಿದೆ, ಹೆಸರು ಕೂಗಲಿಲ್ಲ. ಕೂಗಿದ್ದರೆ ನನಗೇನಾಗುತ್ತಿತ್ತೆಂದು ನಿನಗೆ ಗೊತ್ತಿತ್ತು. ಹಾಸ್ಟೆಲಿನಲ್ಲಿ ಕತ್ತಲಾದ ಮೇಲೆ ಹಿತ್ತಲಿಗೆ ಹೋಗಲು ನಾನು ಅಳುತ್ತಿದ್ದಾಗ, ನೀನು ಕೈ ಹಿಡಿದು ಹೇಳುತ್ತಿದ್ದೆಯಲ್ಲ, "ಹೆದ್ರಿಕೆ ಇದ್ರೆ ಇರ್ಲಿ ಕಣೆ, ಕಾಲು ಮಾತ್ರ ನಿಲ್ಲಿಸ್ಬೇಡ" ಎಂದು. ಅದು ನೆನಪಾಗಿ ಕಣ್ಣು ತುಂಬಿತು.

ಓಟಿನ ದಿನ ನನ್ನ ಗಂಡ ಯಾನ್‌ಬೆಮೊನಿಗೆ ಚಳಿಜ್ವರ. "ನೀನೇ ಹೋಗಿ ಒತ್ತಿ ಬಾ, ಮೇಲಿಂದ ಮೊದಲ್ನೇ ಗುಂಡಿ, ಮರೀಬೇಡ" ಎಂದು ಚೀಟಿ ಕೊಟ್ಟ. ಅವನದು, ಸೈನ್ಯದಲ್ಲಿರುವ ಮಗನದು, ಸೊಸೆಯದು, ನನ್ನದು. ಮೂರು ಸಲ ಮೊದಲ ಗುಂಡಿ ಒತ್ತಿದೆ. ನಾಲ್ಕನೆಯದು ನನ್ನ ಹೆಸರಿನ ಚೀಟಿ. ಬೆರಳು ನಿನ್ನ ಹೆಸರಿನ ಮೇಲೆ ಹೋಗಿ ಕೂತಿತು. ಒತ್ತಿದ ಮೇಲೆ ಬಂದ ಸದ್ದು ಊರಿಗೆಲ್ಲ ಕೇಳಿಸಿತೆಂದೇ ಅನ್ನಿಸಿತು. ಪ್ರತಿ ಊರಿನ ಲೆಕ್ಕ ಬೇರೆಬೇರೆಯಾಗಿ ಹೊರಬರುತ್ತದೆಂಬುದು ಆಗ ನನಗೆ ಹೊಳೆಯಲೇ ಇಲ್ಲ.

ನೀನು ಸೋತೆ, ನಮ್ಮವನು ಗೆದ್ದ. ನನ್ನ ಓಟಿನಿಂದ ಒಂದು ಕೂದಲೂ ಕೊಂಕಲಿಲ್ಲ. ಆದರೂ ಗೆಲುವಿನ ಹಂದಿಮಾಂಸ ಉಣ್ಣುತ್ತ ಕೂತವರ ಬಾಯಲ್ಲಿ ಒಂದೇ ಮಾತು, ಆ ಒಂದು ಯಾರದು? ಕೌನ್ಸಿಲಿನ ಹಿರಿಯ ಶಾನ್ರಿಯೊ ಹೇಳಿದ, "ದೋಣಿ ಮುಳುಗೋಕೆ ನೂರು ತೂತು ಬೇಕಿಲ್ಲ." ಪ್ರತಿ ಮನೆಯ ಯಜಮಾನ ಮಣ್ಣು ಕಚ್ಚಬೇಕು, ಒಪ್ಪಿಕೊಂಡ ಮನೆ ಊರು ಬಿಡಬೇಕು ಎಂದು ತೀರ್ಮಾನವಾಯಿತು.

ಹೆಂಗಸರನ್ನು ಕೇಳುವುದಿಲ್ಲ ಎಂದು ತಿಳಿದಾಗ, ದೇವರಾಣೆ ಜುಚಾನೊ, ನನಗೆ ನೆಮ್ಮದಿಯಾಯಿತು. ಬೂತಿಗೆ ನಾನು ಹೋದದ್ದನ್ನು ಎಲ್ಲರೂ ಕಂಡಿದ್ದರು, ಯಾರೂ ಅನುಮಾನಿಸಲಿಲ್ಲ. ಹೆಂಡತಿಯ ಬೆರಳೆಂದರೆ ಗಂಡನ ಬೆರಳೇ ಅಲ್ಲವೇ? ಆ ನೆಮ್ಮದಿ ಅನ್ನ ಬೇಯುವಷ್ಟು ಹೊತ್ತೂ ಉಳಿಯಲಿಲ್ಲ. ಮೊಮ್ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಿದಿರು ಸೀಳುತ್ತಿದ್ದ ಯಾನ್‌ಬೆಮೊ, "ನಮ್ಗೇನ್ ಹೆದ್ರಿಕೆ ಬಿಡು, ಒಂದು ಚಿಟಿಕೆ ಮಣ್ಣು ತಿಂದು ಬಂದ್ರಾಯ್ತು" ಅಂದ. ಅವನು ನಿಜವೆಂದು ನಂಬಿಕೊಂಡೇ ಸುಳ್ಳು ಆಣೆ ಇಡಲಿದ್ದ. ಮಣ್ಣಿಗೆ ಅವನ ಮನಸ್ಸು ತಿಳಿಯುತ್ತದೆಯೇ? ನನಗೆ ಎಜಾಮೊನ ಮಕ್ಕಳು ಕಂಡರು. ಕೂಸಿನ ಉಸಿರು ಕೇಳುತ್ತ ಮಲಗಿದೆ. ಹೇಳೋಣವೆಂದು ಬಾಯಿ ತೆರೆದೆ, ಹೇಳಲಾಗಲಿಲ್ಲ. ಬೆಳಗ್ಗೆ ಅವನು ಬಾಯಿ ಮುಕ್ಕಳಿಸಿ, ಒಳ್ಳೆಯ ಶಾಲು ಹೊದ್ದು ಹೋಗುವಾಗಲೂ ಹೇಳಲಾಗಲಿಲ್ಲ.

ಕಲ್ಲಿನ ಕಡೆಯಿಂದ ಹೆಸರು ಕರೆಯುವುದು ಮನೆಗೇ ಕೇಳಿಸುತ್ತಿತ್ತು. ಅವನಿಗಿಂತ ಹಿಂದಿನ ಮನೆಯ ಹೆಸರು ಬಂದಾಗ ಕೂಸನ್ನು ಸೊಸೆಯ ಕೈಗೆ ಹಾಕಿ ಓಡಿದೆ. ಅವನು ಮಣ್ಣು ಹಿಡಿದ ಕೈಯನ್ನು ಬಾಯಿಗೆ ಎತ್ತಿದ್ದ. ಮಣಿಕಟ್ಟು ಹಿಡಿದು, "ತಿನ್ಬೇಡ. ಆ ಓಟು ನಂದು" ಅಂದೆ.

ಅಲ್ಲಿದ್ದವರೆಲ್ಲ ನಕ್ಕರು ಕಣೆ. ಬೈದಿದ್ದರೆ, ಹೊಡೆದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. "ಹೆಂಗಸ್ರಿಗೆ ತಮ್ದೇ ಅಂತ ಓಟು ಎಲ್ಲಿಂದ ಬಂತಮ್ಮ? ಗಂಡನ್ನ ಉಳಿಸ್ಕೊಳ್ಳೋಕೆ ಬಂದಿದಾಳೆ, ಪಾಪ" ಅಂದ ಶಾನ್ರಿಯೊ. ಯಾವ ಗುಂಡಿ, ಯಾವ ಗುರುತು, ಎಲ್ಲ ಹೇಳಿದೆ. ಗಂಡ ಹೇಳಿಕೊಟ್ಟಿದ್ದಾನೆ ಅಂದರು. ಕಡೆಗೆ ಶಾನ್ರಿಯೊ ಅವನ ಕಡೆ ತಿರುಗಿದ. "ನೀನೇ ಹೇಳಪ್ಪಾ. ಇವ್ಳಿಗೆ ತಲೆ ಕೆಟ್ಟಿದೆ ಅನ್ನು, ಮಣ್ಣು ಕಚ್ಚು, ಮನೆಗೆ ಹೋಗು. ಇಲ್ಲ ಅಂದ್ರೆ ಯಾರದು ಓಟು ಹೇಳು."

ಯಾನ್‌ಬೆಮೊ ನನ್ನನ್ನು ನೋಡಿದ. ಮೂವತ್ತು ವರ್ಷ ಒಟ್ಟಿಗೆ ಬಾಳಿದ್ದೇವೆ, ಆ ನೋಟ ನನಗೆ ಹೊಸದು. ಅಂಗೈಯ ಮಣ್ಣನ್ನು ಕೆಳಗೆ ಬಿಟ್ಟ, ಕೈಯನ್ನು ಒಳ್ಳೆಯ ಶಾಲಿಗೆ ಒರೆಸಿಕೊಂಡ.

"ನಂದು ಅಂತ ಅವಳೇ ಹೇಳ್ತಿದಾಳಲ್ಲ. ಅವಳದ್ದೇ" ಅಂದ.

ನಾಳೆ ಹೊತ್ತು ಮುಳುಗುವುದರೊಳಗೆ ನಾವು ಊರು ದಾಟಬೇಕು, ನಿಮ್ಮೂರು ಬಿಟ್ಟರೆ ಹೋಗಲು ಬೇರೆ ಕಡೆ ಇಲ್ಲ. ಬಾವಿಯ ಹತ್ತಿರ ಆಗಲೇ ಯಾರೂ ಮಾತಾಡಿಸುತ್ತಿಲ್ಲ. ಮಧ್ಯಾಹ್ನ ಛಾವಣಿಗೆ ಒಂದು ಕಲ್ಲು ಬಿತ್ತು, ಕೂಸು ಬೆಚ್ಚಿ ಎದ್ದಿತು. ಮಗನಿಗೆ ಏನೆಂದು ಬರೆಯಲಿ? ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಯಾನ್‌ಬೆಮೊನ ಮೌನ. ಕಲ್ಲಿನ ಹತ್ತಿರ ಆಡಿದ ಮೇಲೆ ಒಂದು ಮಾತಿಲ್ಲ. ಪಾತ್ರೆ ಕಟ್ಟುತ್ತಾನೆ, ಬಿಚ್ಚುತ್ತಾನೆ, ಮತ್ತೆ ಕಟ್ಟುತ್ತಾನೆ. ಅವನಪ್ಪನ ಗೋರಿ ಇಲ್ಲಿದೆ. ಅದನ್ನು ಬಿಡಿಸಿದವಳು ನಾನು.

ಈಗಷ್ಟೇ ನನ್ನ ಹೆಗಲ ಹಿಂದೆ ಬಂದು ನಿಂತ. ಕಾಗದ ಯಾರಿಗೆಂದು ಕೇಳಲಿಲ್ಲ. "ಹಂದಿ ಕಟ್ಟೋಕೆ ಅಲ್ಲಿ ಜಾಗ ಇದೆಯಾ ಕೇಳು" ಅಂದ. ಹೊರಗೆ ಹೋಗುವವನು ಬಾಗಿಲಲ್ಲಿ ನಿಂತು, "ಮುಂದಿನ್ ಸಲವೂ ಅವಳು ನಿಲ್ತಾಳಾ, ಅದನ್ನೂ ಕೇಳು" ಅಂದ.

ಎರಡನ್ನೂ ಕೇಳಿದ್ದೇನೆ ಜುಚಾನೊ. ನಾಳೆ ಬಿದಿರು ಸೇತುವೆಯ ನಿಮ್ಮ ತುದಿಗೆ ಬಂದು ನಿಲ್ಲು. ಕೂಸನ್ನು ಹೊತ್ತು ಆ ಹೊಳೆ ದಾಟಬೇಕು ನಾನು. ಹೆದರಿಕೆ ಇದ್ದೇ ಇದೆ, ಕಾಲು ನಿಲ್ಲಿಸುವುದಿಲ್ಲ.

ನಿನ್ನ ಒಲೆಯ ಕೆಂಡ ಆರದಿರಲಿ, ನಿನ್ನ ಬಾಗಿಲಿಗೆ ಯಾರೂ ಕಲ್ಲೆಸೆಯದಿರಲಿ.

ಲಾನ್ಚಿಯಾನಿನ ನಿನ್ನ ಒಂದು ಓಟು,
ಒರೆನ್‌ಪೊನಿ